ಹೊಗೆ ಒಡೆಯುವ ಮಿಂಚಿನ ಕರೆಂಟ್ ಬಿಲ್ಲು ಯಾರು ಕಟ್ಟಬೇಕು?

ಎರಡು ಮೂರು ತಿಂಗಳಿಗೊಮ್ಮೆ ಈ ಸುದ್ದಿ ತಪ್ಪದೆ ಬರುತ್ತದೆ. ತಲೆಬರಹ ಸ್ವಲ್ಪ ಆಚೀಚೆ ಇರಬಹುದು, ಒಳಗಿನ ಮಾತು ಒಂದೇ. ಹೊಗೆಯಿಂದ ಪೆಟ್ರೋಲು! ಇಂಗಾಲದ ಡೈಆಕ್ಸೈಡಿಗೆ ಮಿಂಚಿನ ಮದ್ದು! ಭೂಮಿಯ ಜ್ವರಕ್ಕೆ ಕೊನೆಗೂ ಸಿಕ್ಕಿತು ಔಷಧ! ಕೆಳಗೆ ನೇರಳೆ ಬೆಳಕು ಉಗುಳುವ ಗಾಜಿನ ಕೊಳವೆಯ ಒಂದು ಚಿತ್ರ. ಮೊದಲು ಪೇಪರಿನಲ್ಲಿ, ಆಮೇಲೆ ಮೊಬೈಲಿನ ಗುಂಪುಗಳಲ್ಲಿ, ಆಮೇಲೆ ಚಹಾದ ಅಂಗಡಿಯಲ್ಲಿ. ಕಡೆಗೆ ಅದು ಶಾಲೆಗೂ ಬರುತ್ತದೆ. "ಸರ್, ಇನ್ನ ಹೊಗಿ ಚಿಂತಿ ಇಲ್ಲಂತಲ್ರೀ?" ಎಂದು ಏಳನೇ ಇಯತ್ತೆಯ ಹುಡುಗ ಕೇಳಿದರೆ ನಾವು ಏನು ಹೇಳಬೇಕು?

ನಾವು ಹೇಳುವುದು ಇಷ್ಟು. ಆ ಯಂತ್ರ ನಿಜ. ಅದರ ಹಿಂದಿನ ವಿಜ್ಞಾನವೂ ನಿಜ, ಬಹಳ ಚೆಂದದ್ದೂ ಹೌದು. ಆದರೆ ಅದರ ಹೆಸರಿನಲ್ಲಿ ನಮಗೆ ಮಾರುತ್ತಿರುವ ಸಮಾಧಾನ ಮಾತ್ರ ಖೋಟಾ. ಇದನ್ನು ತೋರಿಸಲು ದೊಡ್ಡ ವಿದ್ಯೆ ಬೇಕಿಲ್ಲ. ನಾವು ಬಿ.ಎ. ಓದಿದವರು, ವಿಜ್ಞಾನದ ಪದವೀಧರರಲ್ಲ. ಹೈಸ್ಕೂಲಿನ ರಸಾಯನಶಾಸ್ತ್ರ, ಗುಣಾಕಾರ, ಭಾಗಾಕಾರ ಇಷ್ಟಿದ್ದರೆ ಸಾಕು. ಬನ್ನಿ, ಕೂತು ಲೆಕ್ಕ ಮಾಡೋಣ.

ಮೊದಲು ಯಂತ್ರದ ಮಾತು. ಪ್ಲಾಸ್ಮಾ ಎಂದರೆ ಅನಿಲಕ್ಕೆ ವಿದ್ಯುತ್ತಿನ ಪೆಟ್ಟು ಬಿದ್ದು ಅದರ ಅಣುಗಳಿಂದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಓಡಾಡುವ ಸ್ಥಿತಿ. ಈ ಹೆಸರನ್ನು 1928ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇಟ್ಟರು. ಹೆಸರು ಹೊಸದಾದರೂ ವಸ್ತು ನಮಗೆಲ್ಲ ಗೊತ್ತಿರುವುದೇ. ಆಕಾಶದ ಮಿಂಚು ಪ್ಲಾಸ್ಮಾ. ಹಳೆಯ ಟ್ಯೂಬ್‌ಲೈಟಿನ ಒಳಗೆ ಇರುವುದು ಪ್ಲಾಸ್ಮಾ. ಟ್ರ್ಯಾಕ್ಟರ್ ಟ್ರಾಲಿಗೆ ವೆಲ್ಡಿಂಗ್ ಮಾಡುವಾಗ ಕಣ್ಣು ಕುಕ್ಕುವ ಆ ಕಿಡಿಯೂ ಪ್ಲಾಸ್ಮಾ.

ಈ ಕಿಡಿಯನ್ನು ಇಂಗಾಲದ ಡೈಆಕ್ಸೈಡಿನೊಳಗೆ ಹೊಡೆಸಿದರೆ ಅಣು ಒಡೆಯುತ್ತದೆ. ಈ ಅಣುವನ್ನು ಮೂರು ಮಣಿಯ ಸರ ಅಂದುಕೊಳ್ಳಿ, ನಡುವೆ ಇಂಗಾಲ, ಎರಡೂ ಕಡೆ ಆಮ್ಲಜನಕ. ಒಂದು ಆಮ್ಲಜನಕ ಕಳಚಿಬಿದ್ದರೆ ಉಳಿಯುವುದು ಇಂಗಾಲದ ಮೊನಾಕ್ಸೈಡ್. ಒಂದೇ ಪೆಟ್ಟಿಗೆ ಕಿತ್ತುಹಾಕಲು ಹೋದರೆ 7 ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು ಶಕ್ತಿ ಬೇಕು. ಆದರೆ ಆ ಬಂಧದ ನಿಜವಾದ ಬಿಗಿ 5.5 ಮಾತ್ರ. ಹಾಗಾಗಿ ವಿಜ್ಞಾನಿಗಳು ಒಂದು ಉಪಾಯ ಕಂಡರು. ಅಣುವನ್ನು ಸಣ್ಣ ಸಣ್ಣ ಪೆಟ್ಟುಗಳಿಂದ ನಡುಗಿಸುವುದು. ಹುಡುಗರು ಬಾರಿಹಣ್ಣಿನ ಗಿಡ ಅಲ್ಲಾಡಿಸುವ ಹಾಗೆ. ನಡುಕ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಗೆ ಮಣಿ ಉದುರುತ್ತದೆ. ಉದುರಿದ ಆಮ್ಲಜನಕ ಇನ್ನೊಂದು ಅಣುವಿನ ಆಮ್ಲಜನಕವನ್ನು ಎಳೆದುಕೊಂಡು ಜೋಡಿಯಾದರೆ ಮತ್ತೂ ಲಾಭ. ಎಲ್ಲ ಕೂಡಿಸಿ ಕಳೆದರೆ ಒಂದು ಅಣುವಿಗೆ ಸರಾಸರಿ 2.9 ಎಲೆಕ್ಟ್ರಾನ್ ವೋಲ್ಟಿನಲ್ಲಿ ಕೆಲಸ ಮುಗಿಯಬೇಕು.

ಬೇಕು, ಸರಿ. ಮುಗಿಯುತ್ತದೆಯೇ? 1980ರ ದಶಕದ ಆರಂಭದಲ್ಲಿ ಸೋವಿಯತ್ ವಿಜ್ಞಾನಿಗಳು ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಶೇಕಡಾ 80, ಶೇಕಡಾ 90ರಷ್ಟು ದಕ್ಷತೆ ಕಂಡೆವೆಂದು ವರದಿ ಮಾಡಿದರು. ಅಂದರೆ ಕೊಟ್ಟ 100 ಪಾಲು ಶಕ್ತಿಯಲ್ಲಿ 90 ಪಾಲು ಅಣು ಒಡೆಯುವುದಕ್ಕೇ ಹೋಯಿತು ಎಂದು. ಆಮೇಲೆ ಯುರೋಪಿನ ಹಲವು ಪ್ರಯೋಗಶಾಲೆಗಳು ಯತ್ನಿಸಿದರೂ ಆ ಅಂಕಿಯನ್ನು ಮತ್ತೆ ಮಾಡಿ ತೋರಿಸಲು ಆಗಿಲ್ಲ. ಇಂದು ನಂಬಬಹುದಾದ ಅಂಕಿಗಳು ಹೀಗಿವೆ. ಗಾಜಿನ ತಡೆ ಇಟ್ಟು ತಣ್ಣಗೆ ಕಿಡಿ ಹೊಡೆಸುವ ವಿಧಾನದಲ್ಲಿ ಶೇಕಡಾ 10ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಜಾರುವ ಕಿಡಿಯ ವಿಧಾನದಲ್ಲಿ ಶೇಕಡಾ 40ರ ಸುತ್ತಮುತ್ತ. ಮೈಕ್ರೋವೇವಿನಲ್ಲಿ ಚೆನ್ನಾಗಿ ನಡೆದರೆ ಶೇಕಡಾ 50ರ ಹತ್ತಿರ. ಅದೂ ಅಣುವನ್ನು ನಯವಾಗಿ ನಡುಗಿಸಿದ್ದರಿಂದ ಬಂದ ಫಲವಲ್ಲ. ಒಳಗೆ ಅನಿಲ ಮೂರು ಸಾವಿರ ಡಿಗ್ರಿ, ಅದಕ್ಕೂ ಮೇಲೆ ಕಾದು, ಬರೀ ಕಾವಿನಿಂದಲೇ ಬಹುಪಾಲು ಒಡೆಯುತ್ತದೆ ಎಂದು ಈಚಿನ ಅಳತೆಗಳು ಹೇಳುತ್ತಿವೆ. ಹಾಗೆ ಒಡೆದದ್ದನ್ನು ಕೂಡಲೇ ತಣಿಸದಿದ್ದರೆ ಎರಡೂ ಮತ್ತೆ ಕೂಡಿಕೊಂಡು ಹಳೆಯ ಡೈಆಕ್ಸೈಡೇ ಆಗಿ ಹೊರಬರುತ್ತದೆ! ಇನ್ನೊಂದು ಮಾತು. ದಕ್ಷತೆ ಹೆಚ್ಚಿದ್ದಾಗ ಒಳಗೆ ಹೋದ ಅನಿಲದಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನಷ್ಟೇ ಬದಲಾಗುತ್ತದೆ. ಉಳಿದದ್ದನ್ನು ಬೇರ್ಪಡಿಸಿ ಮತ್ತೆ ಒಳಗೆ ಕಳಿಸಬೇಕು. ಅದಕ್ಕೆ ಬೇರೆ ಖರ್ಚು.

ಇಷ್ಟಾಯಿತಲ್ಲ, ಈಗ ಲೆಕ್ಕಕ್ಕೆ ಬರೋಣ.

ಒಂದು ಮೋಲ್, ಅಂದರೆ 44 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಮೊನಾಕ್ಸೈಡ್ ಮಾಡಲು 283 ಕಿಲೋಜೌಲ್ ಶಕ್ತಿ ಬೇಕು. ಇದು ಯಾವ ಕಂಪನಿಯೂ ರಿಯಾಯಿತಿ ಕೊಡಲಾಗದ ದರ, ಪ್ರಕೃತಿಯೇ ನಿಗದಿ ಮಾಡಿದ್ದು. ಒಂದು ಕಿಲೋಗೆ ಹಾಕಿದರೆ ಸುಮಾರು 6,430 ಕಿಲೋಜೌಲ್. ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ 1.8 ಯೂನಿಟ್. ಇದು ಯಂತ್ರ ಶೇಕಡಾ 100ರಷ್ಟು ಪರಿಪೂರ್ಣವಾಗಿದ್ದರೆ. ಶೇಕಡಾ 50 ಇದ್ದರೆ 3.6 ಯೂನಿಟ್. ಶೇಕಡಾ 40 ಇದ್ದರೆ 4.5. ಶೇಕಡಾ 10 ಇದ್ದರೆ 18 ಯೂನಿಟ್!

ಈಗ ಇನ್ನೊಂದು ಕಡೆಯಿಂದ ನೋಡಿ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಮಾಡಿದರೆ ಹೊಗೆಕೊಳವೆಯಿಂದ ಸುಮಾರು 0.9 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಒಂದು ಕಿಲೋ ಹೊಗೆ ಒಡೆಯಲು 3.6 ಯೂನಿಟ್ ಬೇಕು, ಆ 3.6 ಯೂನಿಟ್ ಕಲ್ಲಿದ್ದಲಿನಿಂದ ಬಂದರೆ 3 ಕಿಲೋಗೂ ಹೆಚ್ಚು ಹೊಸ ಹೊಗೆ. ಒಂದು ಕಿಲೋ ತೊಳೆಯಲು ಮೂರು ಕಿಲೋ ಕೊಳೆ. ಇದಕ್ಕೆ ನಮ್ಮ ಕಡೆ ಏನಂತಾರೆ ಗೊತ್ತಲ್ಲ, ಸಾಲ ತೀರಿಸಲು ಮೂರು ಪಟ್ಟು ಸಾಲ!

ಊರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮ ಸೋಲಾಪುರ ಜಿಲ್ಲೆಯಲ್ಲೇ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. 660 ಮೆಗಾವಾಟಿನ ಎರಡು ಘಟಕ, ಒಟ್ಟು 1320 ಮೆಗಾವಾಟ್. ಮೊದಲನೆಯದು 2017ರಲ್ಲಿ, ಎರಡನೆಯದು 2019ರಲ್ಲಿ ಶುರುವಾಯಿತು. ಒಂದು ದಿನ ಪೂರ್ತಿ ಸಾಮರ್ಥ್ಯದಲ್ಲಿ ನಡೆದರೆ ಸುಮಾರು 3 ಕೋಟಿ 17 ಲಕ್ಷ ಯೂನಿಟ್. ಅದರ ಹೊಗೆಯಲ್ಲಿ ಸುಮಾರು 2 ಕೋಟಿ 85 ಲಕ್ಷ ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ 28,500 ಟನ್. ಇಷ್ಟನ್ನೂ ಮೊನಾಕ್ಸೈಡ್ ಮಾಡಲು, ಜಗತ್ತಿನಲ್ಲಿ ಎಲ್ಲೂ ಇಲ್ಲದ ಪರಿಪೂರ್ಣ ಯಂತ್ರವಿದ್ದರೂ, 5 ಕೋಟಿ 10 ಲಕ್ಷ ಯೂನಿಟ್ ಬೇಕು. ಶೇಕಡಾ 50ರ ಯಂತ್ರವಾದರೆ 10 ಕೋಟಿ 20 ಲಕ್ಷ. ಅಂದರೆ ಒಂದು ಸ್ಥಾವರದ ಹೊಗೆ ಒಡೆಯಲು ಅಂಥವೇ ಇನ್ನೂ ಮೂರು ಸ್ಥಾವರ ಕಟ್ಟಿದರೂ ಸಾಲದು. ಆ ಮೂರರ ಹೊಗೆಗೆ? ಇನ್ನೂ ಒಂಬತ್ತು ಕಟ್ಟಿ. ಆ ಒಂಬತ್ತಕ್ಕೆ?

ಇದು ಯಂತ್ರದ ದೋಷವಲ್ಲ ಎಂಬುದನ್ನು ಗಮನಿಸಿ. ರಸಾಯನಶಾಸ್ತ್ರದ ಬುಡದಲ್ಲೇ ಇದೆ. 12 ಗ್ರಾಂ ಇಂಗಾಲ ಪೂರ್ತಿ ಉರಿದರೆ 394 ಕಿಲೋಜೌಲ್ ಕಾವು ಕೊಡುತ್ತದೆ. ಒಳ್ಳೆಯ ಸ್ಥಾವರ ಅದರಲ್ಲಿ ಶೇಕಡಾ 40ರಷ್ಟನ್ನು ವಿದ್ಯುತ್ತಾಗಿಸುತ್ತದೆ, ಎಂದರೆ 158. ಅದೇ ಇಂಗಾಲದ ಹೊಗೆಯನ್ನು ಮೊನಾಕ್ಸೈಡಿನವರೆಗೆ ವಾಪಸ್ ತರಲು 283 ಬೇಕು. ಪೂರ್ತಿ ಇದ್ದಲಿಗೆ ಅಲ್ಲ, ಅರ್ಧ ದಾರಿಗೆ! 158 ಸಂಪಾದಿಸಿದವನು 283 ಹೇಗೆ ಖರ್ಚು ಮಾಡುತ್ತಾನೆ? ನೂರು ವರ್ಷ ಸಂಶೋಧನೆ ಮಾಡಿದರೂ ಈ ಕಳೆಯುವ ಲೆಕ್ಕ ಬದಲಾಗುವುದಿಲ್ಲ. ಆದ್ದರಿಂದ ಕಲ್ಲಿದ್ದಲ ಕರೆಂಟಿನಿಂದ ಕಲ್ಲಿದ್ದಲ ಹೊಗೆಯನ್ನು ಒಡೆಯುತ್ತೇವೆ ಎಂದು ಯಾರಾದರೂ ಹೇಳಿದರೆ, ಅವರಿಗೆ ಲೆಕ್ಕ ಬರುವುದಿಲ್ಲ ಅಥವಾ ನಮಗೆ ಬರುವುದಿಲ್ಲ ಎಂದು ಅವರು ತಿಳಿದುಕೊಂಡಿದ್ದಾರೆ.

ಇಲ್ಲಿ ಒಬ್ಬರು ಕೈ ಎತ್ತುತ್ತಾರೆ. "ಕಲ್ಲಿದ್ದಲ ಕರೆಂಟು ಯಾಕೆ ಸ್ವಾಮಿ? ಸೋಲಾರ್ ಇದೆಯಲ್ಲ!" ಒಳ್ಳೆಯ ಪ್ರಶ್ನೆ. ಇದಕ್ಕೂ ಮೇಲಿನ ಅಂಕಿಗಳಿಂದಲೇ ಉತ್ತರ ಹೇಳೋಣ. ನಮ್ಮ ಹತ್ತಿರ ದಿನಕ್ಕೆ 10 ಕೋಟಿ ಯೂನಿಟ್ ಸೋಲಾರ್ ವಿದ್ಯುತ್ ಇದೆ ಎಂದಿಟ್ಟುಕೊಳ್ಳಿ. ಅದನ್ನು ಪ್ಲಾಸ್ಮಾ ಯಂತ್ರಕ್ಕೆ ಕೊಟ್ಟರೆ 1320 ಮೆಗಾವಾಟಿನ ಒಂದು ಸ್ಥಾವರದ ಹೊಗೆ ಒಡೆಯಬಹುದು. ಅದನ್ನೇ ನೇರವಾಗಿ ತಂತಿಗೆ ಹರಿಸಿದರೆ ಅಂಥ ಮೂರು ಸ್ಥಾವರಗಳು ಕೊಡುವಷ್ಟು ಕರೆಂಟು ಜನರಿಗೆ ಸಿಗುತ್ತದೆ, ಅಷ್ಟು ಕಲ್ಲಿದ್ದಲು ಉರಿಯುವುದೇ ಇಲ್ಲ. ರಾತ್ರಿಗೆ ಬ್ಯಾಟರಿ ಬೇಕು, ನೀರು ಮೇಲೆತ್ತಿ ಇಡುವ ಪಂಪು ಬೇಕು, ಅಲ್ಲಿ ಒಂದಿಷ್ಟು ನಷ್ಟವಾಗುತ್ತದೆ, ಒಪ್ಪಿದೆವು. ಆ ನಷ್ಟ ಕಳೆದರೂ ಲೆಕ್ಕ ಇತ್ತಲೇ ವಾಲುತ್ತದೆ. ನಳ ಬಂದ್ ಮಾಡದೆ ನೆಲ ಒರೆಸುತ್ತಾ ಕೂತವನನ್ನು ಕಂಡರೆ ನೀವು ಏನು ಹೇಳುತ್ತೀರಿ?

ಇನ್ನೊಬ್ಬರು ಹೇಳುತ್ತಾರೆ, "ಖರ್ಚು ಮಾತ್ರ ಹೇಳಿದಿರಿ, ಬಂದದ್ದನ್ನು ಹೇಳಲಿಲ್ಲ. ಮೊನಾಕ್ಸೈಡ್ ಉರಿಯುತ್ತದಲ್ಲ, ಇಂಧನ ಸಿಕ್ಕಿತಲ್ಲ?" ಸಿಕ್ಕಿತು. ಒಂದು ಕಿಲೋ ಡೈಆಕ್ಸೈಡಿನಿಂದ ಬಂದ ಮೊನಾಕ್ಸೈಡ್ ಉರಿಸಿದರೆ 1.8 ಯೂನಿಟಿನಷ್ಟು ಕಾವು. ಅದರಿಂದ ವಿದ್ಯುತ್ ಮಾಡಿದರೆ 0.7 ಯೂನಿಟ್. ಹಾಕಿದ್ದು 3.6, ತೆಗೆದದ್ದು 0.7. ಐದು ರೂಪಾಯಿ ಕೊಟ್ಟು ಒಂದು ರೂಪಾಯಿ ತಂದಂತೆ. ಮೇಲಾಗಿ ಉರಿಸಿದ ಕೂಡಲೇ ಅದು ಮತ್ತೆ ಅದೇ ಒಂದು ಕಿಲೋ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು! ಹಾಗಿದ್ದರೆ "ಹೊಗೆ ನಾಶ" ಎಲ್ಲಿ ಆಯಿತು? ತಲೆಬರಹ ಬರೆದವರು ಹೇಳಬೇಕು.

ಮೊನಾಕ್ಸೈಡ್ ಎಂಥ ಪದಾರ್ಥ ಎಂಬುದನ್ನೂ ಸುದ್ದಿಯಲ್ಲಿ ಯಾರೂ ಹೇಳುವುದಿಲ್ಲ. ಚಳಿಗಾಲದಲ್ಲಿ ಕಿಡಕಿ ಬಾಗಿಲು ಹಾಕಿಕೊಂಡು ಇದ್ದಿಲಿನ ಶೇಗಡಿ ಇಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಕೊಂದದ್ದು ಇದೇ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಡೈಆಕ್ಸೈಡು ಸೋಡಾ ಬಾಟಲಿಯಲ್ಲಿ ನಾವು ಕುಡಿಯುವ ಅನಿಲ. ಅದನ್ನು ಒಡೆದು ಮಾಡುವುದು ಮನೆಮಂದಿಯನ್ನೆಲ್ಲ ನಿದ್ದೆಯಲ್ಲೇ ಮುಗಿಸುವ ಅನಿಲ. ಕಾರ್ಖಾನೆಯವರು ಅದನ್ನು ಹುಷಾರಾಗಿ ನಿಭಾಯಿಸಬಲ್ಲರು, ಬಹಳ ಕಾಲದಿಂದ ನಿಭಾಯಿಸುತ್ತಲೂ ಇದ್ದಾರೆ. ಆದರೆ ಊರೂರಿಗೆ ಒಂದೊಂದು ಯಂತ್ರ ಇಟ್ಟು ಗಾಳಿ ಶುದ್ಧ ಮಾಡುತ್ತೇವೆ ಎಂದು ಮಾತಾಡುವವರು ಈ ಶೇಗಡಿಯನ್ನು ಒಮ್ಮೆ ನೆನೆಯಲಿ.

ಇಷ್ಟು ಓದಿದ ಮೇಲೆ ಕೆಲವರಿಗೆ ಅನ್ನಿಸಬಹುದು, ಹಾಗಾದರೆ ಈ ಪ್ಲಾಸ್ಮಾ ವಿಜ್ಞಾನವೆಲ್ಲ ದಂಡ, ಬಿಟ್ಟುಬಿಡಿ ಎಂದು. ಅಲ್ಲ, ಅದೂ ತಪ್ಪು. ಯಾವುದನ್ನು ಎಲ್ಲಿ ಬಳಸಬೇಕೆಂಬುದು ನಮ್ಮ ತಕರಾರು. ನೇಗಿಲು ಒಳ್ಳೆಯದೇ, ಅದರಿಂದ ಗಡ್ಡ ಬೋಳಿಸಲು ಹೋಗಬಾರದು ಅಷ್ಟೆ.

ಮೊನಾಕ್ಸೈಡ್ ಉರಿಸುವುದಕ್ಕಿಂತ ಕಟ್ಟುವುದಕ್ಕೆ ಬೇಕಾದ ವಸ್ತು. ಅದರ ಜೊತೆ ಜಲಜನಕ ಸೇರಿಸಿದರೆ ಡೀಸೆಲ್, ಸೀಮೆಎಣ್ಣೆ, ಮೆಥನಾಲ್ ಏನು ಬೇಕಾದರೂ ಮಾಡಬಹುದು. 1920ರ ದಶಕದಲ್ಲಿ ಜರ್ಮನಿಯ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಶ್ ಈ ದಾರಿ ತೋರಿಸಿದರು. ದಕ್ಷಿಣ ಆಫ್ರಿಕದ ಸಾಸೋಲ್ ಕಂಪನಿ 1955ರಿಂದ ಕಲ್ಲಿದ್ದಲಿನಿಂದ ಮೊನಾಕ್ಸೈಡ್ ಮಾಡಿಕೊಂಡು ಇದೇ ದಾರಿಯಲ್ಲಿ ಎಣ್ಣೆ ತೆಗೆಯುತ್ತಿದೆ. ದೊಡ್ಡ ವಿಮಾನವನ್ನು ಬ್ಯಾಟರಿಯಿಂದ ದೂರ ಹಾರಿಸುವುದು ಇನ್ನೂ ಆಗುತ್ತಿಲ್ಲ, ಅದಕ್ಕೆ ಸೀಮೆಎಣ್ಣೆಯಂಥ ಇಂಧನ ಬೇಕೇ ಬೇಕು. ಇದಕ್ಕಾಗಿ 2018ರಲ್ಲಿ ಐರೋಪ್ಯ ಒಕ್ಕೂಟದ ಹಣದಲ್ಲಿ ಕೆರೋಗ್ರೀನ್ ಎಂಬ ಯೋಜನೆ ಶುರುವಾಯಿತು. ಜರ್ಮನಿಯ ಕಾರ್ಲ್ಸ್‌ರೂಹೆ ಸಂಸ್ಥೆಯವರು, ನೆದರ್ಲೆಂಡಿನ ವಿಜ್ಞಾನಿಗಳು ಸೇರಿ, ಪ್ಲಾಸ್ಮಾದಿಂದ ಡೈಆಕ್ಸೈಡ್ ಒಡೆದು ವಿಮಾನದ ಇಂಧನ ಮಾಡುವ ಪ್ರಯತ್ನ ಅದು. ಇಂಥಲ್ಲಿ ಕರೆಂಟು ದುಬಾರಿಯಾದರೂ ಅರ್ಥವಿದೆ, ಏಕೆಂದರೆ ಬೇರೆ ದಾರಿಗಳು ಕಡಿಮೆ.

ಉಕ್ಕಿನ ಕಾರ್ಖಾನೆ ಇನ್ನೊಂದು ಜಾಗ. ಊದುಕುಲುಮೆಯಲ್ಲಿ ಕಬ್ಬಿಣದ ಅದಿರಿನಿಂದ ಆಮ್ಲಜನಕ ಕಿತ್ತುಕೊಳ್ಳುವುದೇ ಮೊನಾಕ್ಸೈಡಿನ ಕೆಲಸ. ಈಗ ಅದನ್ನು ಕೋಕ್ ಉರಿಸಿ ಮಾಡುತ್ತಾರೆ. 2024ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿರುವ ಆರ್ಸೆಲರ್‌ಮಿತ್ತಲ್ ಕಾರ್ಖಾನೆಯಲ್ಲಿ ಡಿ-ಕಾರ್ಬನ್ ಎಂಬ ಆಂಟ್‌ವರ್ಪ್ ನಗರದ ಕಂಪನಿ ಪ್ಲಾಸ್ಮಾ ಯಂತ್ರದ ಪ್ರಯೋಗ ಆರಂಭಿಸಿತು. ಹಿಡಿದಿಟ್ಟ ಡೈಆಕ್ಸೈಡನ್ನು ಮೊನಾಕ್ಸೈಡ್ ಮಾಡಿ ಮತ್ತೆ ಕುಲುಮೆಯ ಕೆಲಸಕ್ಕೇ ಹಚ್ಚುವುದು ಅವರ ಉದ್ದೇಶ. ಒಂದೇ ಇಂಗಾಲ ಸುತ್ತು ಹೊಡೆಯುತ್ತಾ ದುಡಿದರೆ ಅಷ್ಟು ಕೋಕ್ ಉಳಿಯಿತು. ಇಲ್ಲೂ ಕರೆಂಟು ಶುದ್ಧವಾಗಿದ್ದರೆ ಮಾತ್ರ ಲಾಭ ಎಂಬುದನ್ನು ಮರೆಯಬೇಡಿ.

ಮಂಗಳ ಗ್ರಹವನ್ನೂ ಹೇಳಿಬಿಡುತ್ತೇವೆ, ಮಕ್ಕಳಿಗೆ ಇದು ಬಹಳ ಇಷ್ಟ. ಅಲ್ಲಿನ ಗಾಳಿಯಲ್ಲಿ ಶೇಕಡಾ 95ರಷ್ಟು ಇಂಗಾಲದ ಡೈಆಕ್ಸೈಡೇ ಇದೆ. 2021ರಲ್ಲಿ ಅಲ್ಲಿಗೆ ಇಳಿದ ನಾಸಾದ ಪರ್ಸಿವಿಯರೆನ್ಸ್ ಬಂಡಿಯಲ್ಲಿ ಮಾಕ್ಸಿ ಎಂಬ ಪೆಟ್ಟಿಗೆ ಇತ್ತು. ಪ್ಲಾಸ್ಮಾ ಅಲ್ಲ, ಬಿಸಿ ಸಿರಾಮಿಕ್ ಬಿಲ್ಲೆಗಳ ಮೂಲಕ ವಿದ್ಯುತ್ ಹರಿಸಿ ಅದು ಡೈಆಕ್ಸೈಡನ್ನು ಮೊನಾಕ್ಸೈಡ್ ಮತ್ತು ಆಮ್ಲಜನಕವಾಗಿ ಒಡೆಯಿತು. 2023ರವರೆಗೆ 16 ಬಾರಿ ನಡೆದು ಒಟ್ಟು 122 ಗ್ರಾಂ ಆಮ್ಲಜನಕ ಕೊಟ್ಟಿತು. ಅಲ್ಲಿನ ತೆಳು ಗಾಳಿಯ ಒತ್ತಡ ಪ್ಲಾಸ್ಮಾಕ್ಕೂ ಹೇಳಿ ಮಾಡಿಸಿದಂತಿದೆ ಎಂದು ಪೋರ್ಚುಗಲ್ಲಿನ ವಿಜ್ಞಾನಿಗಳು ವಾದಿಸುತ್ತಾರೆ. ಉಸಿರಿಗೇ ಗತಿಯಿಲ್ಲದ ಆ ಜಾಗದಲ್ಲಿ ಯೂನಿಟಿನ ಲೆಕ್ಕ ಯಾರೂ ಕೇಳುವುದಿಲ್ಲ. ಭೂಮಿಯ ಮೇಲೆ ಕೇಳಲೇಬೇಕು.

ನಮ್ಮ ಜಿಲ್ಲೆಯಲ್ಲೇ ಜಾಗ ಹುಡುಕುವುದಾದರೆ ನಾವು ಉಷ್ಣ ಸ್ಥಾವರದ ಕಡೆ ನೋಡುವುದಿಲ್ಲ, ಸಕ್ಕರೆ ಕಾರ್ಖಾನೆಗಳ ಕಡೆ ನೋಡುತ್ತೇವೆ. ಸ್ಥಾವರದ ಹೊಗೆಯಲ್ಲಿ ಡೈಆಕ್ಸೈಡ್ ಇರುವುದು ಶೇಕಡಾ 12ರಿಂದ 15 ಮಾತ್ರ, ಉಳಿದದ್ದು ಬಹುಪಾಲು ಸಾರಜನಕ. ಹಾಗೇ ಕಿಡಿ ಹೊಡೆಸಿದರೆ ಸಾರಜನಕದ ಆಕ್ಸೈಡುಗಳೆಂಬ ಹೊಸ ವಿಷ ಹುಟ್ಟುತ್ತದೆ. ಮೊದಲು ಬೇರ್ಪಡಿಸಬೇಕು, ಅದಕ್ಕೂ ಶಕ್ತಿ ಬೇಕು. ಆದರೆ ಇಥೆನಾಲ್ ಮಾಡುವ ಕಡೆ ಮಳಿ ಹುದುಗುವಾಗ ಏಳುವ ಅನಿಲ ಹೆಚ್ಚುಕಡಿಮೆ ಶುದ್ಧ ಡೈಆಕ್ಸೈಡ್. ಒಂದು ಲೀಟರ್ ಇಥೆನಾಲಿಗೆ ಸುಮಾರು ಮುಕ್ಕಾಲು ಕಿಲೋ. ಅದೂ ಕಬ್ಬು ಗಾಳಿಯಿಂದಲೇ ಎಳೆದುಕೊಂಡ ಇಂಗಾಲ, ನೆಲದಡಿಯಿಂದ ಅಗೆದು ತಂದದ್ದಲ್ಲ. ಅಲ್ಲಿ ಮಧ್ಯಾಹ್ನದ ಹೆಚ್ಚುವರಿ ಸೋಲಾರಿನಿಂದ ಒಂದು ಪ್ಲಾಸ್ಮಾ ಘಟಕ ನಡೆಸಿ ಮೆಥನಾಲ್ ಮಾಡುವ ಪ್ರಯೋಗ ಯಾರಾದರೂ ಮಾಡಿದರೆ ನಾವೇ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ತೋರಿಸಿಕೊಂಡು ಬರುತ್ತೇವೆ.

ಹೆಚ್ಚುವರಿ ಸೋಲಾರ್ ಎಂದೆವಲ್ಲ, ಅದು ನಿಜವಾದ ವಿಷಯ. ಸಾಗಿಸುವ ತಂತಿ ಸಾಲದೆ ರಾಜಸ್ಥಾನದಲ್ಲಿ ಮಧ್ಯಾಹ್ನದ ಸೋಲಾರ್ ಉತ್ಪಾದನೆಯನ್ನು ಬಲವಂತವಾಗಿ ತಗ್ಗಿಸಬೇಕಾದ ಸ್ಥಿತಿ 2025ರಲ್ಲಿ ಬಂತು. ಪ್ಲಾಸ್ಮಾದ ದೊಡ್ಡ ಗುಣ ಇಲ್ಲಿ ಕಾಣುತ್ತದೆ. ಸ್ವಿಚ್ ಹಾಕಿದರೆ ಬಹಳ ಬೇಗ ಕೆಲಸಕ್ಕೆ ನಿಲ್ಲುತ್ತದೆ, ತೆಗೆದರೆ ನಿಲ್ಲುತ್ತದೆ. ಗಂಟೆಗಟ್ಟಲೆ ಕಾಯಿಸುವ ರಗಳೆ ಇಲ್ಲ, ದುಬಾರಿ ಲೋಹಗಳೂ ಹೆಚ್ಚು ಬೇಡ. ಆದರೆ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ದುಡಿಯುವ ಯಂತ್ರಕ್ಕೆ ಹಾಕಿದ ಬಂಡವಾಳ ಯಾವಾಗ ಹುಟ್ಟೀತು ಎಂಬ ಪ್ರಶ್ನೆಯನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು. ವರ್ಷಕ್ಕೆ ಮೂರು ತಿಂಗಳು ಬಾಡಿಗೆಗೆ ಹೋಗುವ ರಾಶಿ ಯಂತ್ರ ಕೊಂಡ ರೈತನಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ.

ಚರಿತ್ರೆಯಲ್ಲಿ ಇದಕ್ಕೆ ಒಂದು ಪಾಠ ಆಗಲೇ ಇದೆ. 1903ರಲ್ಲಿ ನಾರ್ವೆಯ ಕ್ರಿಸ್ಟಿಯನ್ ಬರ್ಕ್‌ಲ್ಯಾಂಡ್ ಮತ್ತು ಸ್ಯಾಮ್ ಐಡೆ ಎಂಬಿಬ್ಬರು ಗಾಳಿಯಲ್ಲಿ ದೊಡ್ಡ ಕಿಡಿ ಹೊಡೆಸಿ ಅದರ ಸಾರಜನಕದಿಂದ ಗೊಬ್ಬರ ಮಾಡುವ ವಿಧಾನ ಕಂಡುಹಿಡಿದರು. ಪ್ಲಾಸ್ಮಾದಿಂದಲೇ! 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಹುಟ್ಟಿತು. ಜಲಪಾತಗಳ ಅಗ್ಗದ ವಿದ್ಯುತ್ತಿನ ಮೇಲೆ ಕಾರ್ಖಾನೆಗಳು ನಡೆದವು, ಗೊಬ್ಬರ ಬಂತು, ಹೊಲಕ್ಕೆ ಬಿತ್ತು. ಆದರೂ ಕೆಲವೇ ದಶಕಗಳಲ್ಲಿ ಆ ಕಿಡಿಗಳು ಆರಿದವು. ಯಾಕೆ? ಹೇಬರ್-ಬಾಷ್ ವಿಧಾನ ಅಷ್ಟೇ ಸಾರಜನಕವನ್ನು ಬಹಳ ಕಡಿಮೆ ಶಕ್ತಿಯಲ್ಲಿ ಹಿಡಿದುಕೊಟ್ಟಿತು. ಬರ್ಕ್‌ಲ್ಯಾಂಡರ ವಿಜ್ಞಾನದಲ್ಲಿ ತಪ್ಪಿರಲಿಲ್ಲ, ಅವರ ಯಂತ್ರ ಕರೆಂಟ್ ಬಿಲ್ಲಿನ ಮುಂದೆ ಸೋತಿತು. ಇಂದು ಮಿಂಚಿನ ಮದ್ದು ಎಂದು ಬರೆಯುವವರು ಈ ನೂರು ವರ್ಷ ಹಿಂದಿನ ಕಥೆ ಓದಿಕೊಂಡರೆ ಒಳಿತು.

ಹಾಗಾದರೆ ನಮಗೆ ಸಿಟ್ಟು ಯಾರ ಮೇಲೆ? ವಿಜ್ಞಾನಿಗಳ ಮೇಲೆ ಖಂಡಿತ ಇಲ್ಲ. ಅವರು ತಮ್ಮ ಪ್ರಬಂಧಗಳಲ್ಲಿ ದಕ್ಷತೆ ಇಷ್ಟು, ಬದಲಾದದ್ದು ಇಷ್ಟು, ಇನ್ನೂ ಆಗಬೇಕಾದ್ದು ಇಷ್ಟು ಎಂದು ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಕನಿಷ್ಠ ಶೇಕಡಾ 60 ಮುಟ್ಟದೆ ಬೇರೆ ವಿಧಾನಗಳ ಜೊತೆ ಪೈಪೋಟಿ ಕಷ್ಟ ಎಂದು ಆಂಟ್‌ವರ್ಪ್ ವಿಶ್ವವಿದ್ಯಾಲಯದವರೇ 2017ರಲ್ಲಿ ಬರೆದಿದ್ದರು. ಆ ಪ್ರಬಂಧದಿಂದ ಪೇಪರಿಗೆ ಬರುವ ದಾರಿಯಲ್ಲಿ ಅಂಕಿಗಳೆಲ್ಲ ಉದುರಿ ಬರೀ ನೇರಳೆ ಬೆಳಕು ಉಳಿಯುತ್ತದೆ. ನಮ್ಮ ಸಿಟ್ಟು ಆ ಉದುರಿಸುವವರ ಮೇಲೆ. ಮತ್ತು ಆ ಬೆಳಕನ್ನು ತೋರಿಸಿ "ತಂತ್ರಜ್ಞಾನ ಬರುತ್ತಿದೆ, ಅಲ್ಲಿಯವರೆಗೆ ಉರಿಸೋಣ" ಎನ್ನುವವರ ಮೇಲೆ.

ಈ 'ಅಲ್ಲಿಯವರೆಗೆ' ಎಂಬ ಮಾತೇ ಅಪಾಯದ್ದು. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಇದ್ದ ಡೈಆಕ್ಸೈಡ್ ಈಗ 420 ದಾಟಿದೆ. ಎನ್‌ಟಿಪಿಸಿ 2022ರಲ್ಲಿ ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದಲ್ಲಿ ಹೊಗೆಯಿಂದ ದಿನಕ್ಕೆ 20 ಟನ್ ಡೈಆಕ್ಸೈಡ್ ಹಿಡಿಯುವ ಘಟಕ ಆರಂಭಿಸಿತು, ಅದರಿಂದ ಮೆಥನಾಲ್ ಮಾಡುವ ಗುರಿಯೊಂದಿಗೆ. ಕಲಿಯುವುದಕ್ಕೆ ಒಳ್ಳೆಯ ಹೆಜ್ಜೆ, ಬೇಡ ಅನ್ನುವುದಿಲ್ಲ. ಆದರೆ ಆ ಸ್ಥಾವರ 4760 ಮೆಗಾವಾಟಿನದು. ಪೂರ್ತಿ ನಡೆದರೆ ಅದರ ಹೊಗೆಯಲ್ಲಿ ದಿನಕ್ಕೆ ಲಕ್ಷ ಟನ್ನಿನಷ್ಟು ಡೈಆಕ್ಸೈಡ್ ಹೋಗುತ್ತದೆ. ಲಕ್ಷದಲ್ಲಿ ಇಪ್ಪತ್ತು! ಹೊಳೆಗೆ ಒಂದು ಚರಿಗೆ ಅದ್ದಿ ಹೊಳೆ ಬತ್ತಿತು ಎಂದಂತೆ ಸುದ್ದಿ ಬರೆದರೆ ಓದುವ ಮಕ್ಕಳು ಏನು ತಿಳಿಯಬೇಕು? ದೊಡ್ಡವರು ಹೇಗೂ ದಾರಿ ಕಂಡುಕೊಂಡಿದ್ದಾರೆ, ನಾವು ಏನೂ ಕೇಳಬೇಕಾಗಿಲ್ಲ ಎಂದೇ ತಾನೆ? ಬಿಸಿಲಿಗೆ ಬೆಂದು, ಮಳೆಗೆ ಕಾದು, ಮುಂದಿನ ಐವತ್ತು ವರ್ಷ ಈ ನೆಲದ ಮೇಲೆ ಬದುಕಬೇಕಾದವರು ಆ ಮಕ್ಕಳು. ಅವರಿಗೆ ಸುಳ್ಳು ಧೈರ್ಯ ಕೊಡುವುದು ಸುಳ್ಳು ಹೆದರಿಕೆ ಹುಟ್ಟಿಸುವುದರಷ್ಟೇ ದೊಡ್ಡ ತಪ್ಪು.

ಆದ್ದರಿಂದ ಓದುಗ ಮಿತ್ರರಲ್ಲಿ, ಅದರಲ್ಲೂ ನಮ್ಮ ಹಾಗೆ ಸೀಮೆಸುಣ್ಣ ಹಿಡಿಯುವವರಲ್ಲಿ, ಒಂದು ವಿನಂತಿ. ಇನ್ನು ಮುಂದೆ ಇಂಥ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಒಂದು, ಕರೆಂಟು ಎಲ್ಲಿಂದ? ಎರಡು, ಒಂದು ಕಿಲೋಗೆ ಎಷ್ಟು ಯೂನಿಟ್? 1.8ಕ್ಕಿಂತ ಕಡಿಮೆ ಹೇಳಿದರೆ ಅಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಮೂರು, ಮಾಡಿದ ಮೊನಾಕ್ಸೈಡ್ ಕೊನೆಗೆ ಎಲ್ಲಿಗೆ ಹೋಗುತ್ತದೆ, ಉಕ್ಕಿಗೋ ರಾಸಾಯನಿಕಕ್ಕೋ ವಿಮಾನಕ್ಕೋ ಅಥವಾ ಸುಮ್ಮನೆ ಉರಿದು ಮತ್ತೆ ಗಾಳಿಗೋ? ಮೂರಕ್ಕೂ ಅಂಕಿಯಲ್ಲಿ ಉತ್ತರವಿದ್ದರೆ ಅದು ಸುದ್ದಿ. ಇಲ್ಲದಿದ್ದರೆ ಜಾಹೀರಾತು.

ಹೊಗೆ ಒಡೆಯುವ ವಿದ್ಯೆ ಬೆಳೆಯಲಿ. ನಮ್ಮ ಮಕ್ಕಳಲ್ಲೇ ಯಾರಾದರೂ ಮುಂದೆ ಅದರಲ್ಲಿ ದುಡಿದು ಶೇಕಡಾ 50ನ್ನು 60 ಮಾಡಲಿ, ನಮಗೆ ಅದಕ್ಕಿಂತ ಹೆಮ್ಮೆ ಬೇರೆ ಬೇಕಾಗಿಲ್ಲ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಹೊಗೆ ಎಬ್ಬಿಸುವುದನ್ನು ಕಡಿಮೆ ಮಾಡುವುದು. ಈ ಸರದಿಯನ್ನು ತಿರುಗು ಮುರುಗು ಮಾಡಿ ಹೇಳುವವರ ಮಾತಿಗೆ ನಾವು ತಲೆಯಾಡಿಸುವುದಿಲ್ಲ. ನೀವು ಏನಂತೀರಿ? ಲೆಕ್ಕದಲ್ಲಿ ಎಲ್ಲಿಯಾದರೂ ತಕರಾರಿದ್ದರೆ ಅಂಕಿ ಹಾಕಿ ಬರೆಯಿರಿ, ಖಂಡಿತ ಓದುತ್ತೇವೆ.